ನೀಲಾಬಾಯಿಗೆ ನಾವು ಮಾಡಿದ ಉಪಚಾರ

ವಡಾಲ, ಸೋಮವಾರ, 3 ಆಗಸ್ಟ್ 1970

ಶ್ರಾವಣದ ಮೊದಲ ಸೋಮವಾರ. ಉಪವಾಸ. ನಾಲ್ಕಕ್ಕೆ ಎದ್ದು ನಳದ ಸಾಲಿನಲ್ಲಿ ನಿಂತು ಆರು ಕೊಡ ನೀರು ತಂದೆ. ಕಸ ಹೊಡೆದು, ನೆಲ ಒರೆಸಿ, ಪೂಜೆ ಮುಗಿಸಿ, ನಮ್ಮ ಮನೆಯವರ ಡಬ್ಬಿಗೆ ರೊಟ್ಟಿ, ಪುಂಡಿಪಲ್ಯ ಕಟ್ಟಿದೆ. ಉಪವಾಸ ನನಗೆ, ಅವರಿಗಲ್ಲ. ಹೊರಡುವಾಗ, "ನೀ ಉಪಾಸ ಇದ್ದ ದಿನ ನನ್ನ ಡಬ್ಬಿಗಿ ಖಾರ ಜಾಸ್ತಿ ಬೀಳ್ತೈತಿ. ಸಿಟ್ಟು ಶಿವಗೋ ನಿನಗೋ?" ಎಂದರು. ಡಬ್ಬಿಯ ಮುಚ್ಚಳ ಬಿಗಿದು ಕೈಗೆ ಕೊಟ್ಟೆ. ಉಪವಾಸದ ದಿನ ಜಗಳ ಮಾಡಿದರೆ ಫಲವಿಲ್ಲ.

ಹತ್ತು ಗಂಟೆಗೆ ನೀಲಕಂಠಪ್ಪ ಮಾಸ್ತರರು ಕಾಗದ ಹಿಡಿದು ಬಂದರು. ಹಗಲು ಬಂದರಿನ ಆಫೀಸಿನಲ್ಲಿ ಗುಮಾಸ್ತರು, ಸಂಜೆ ಕನ್ನಡ ರಾತ್ರಿ ಶಾಲೆಯ ಮಾಸ್ತರರು. ರವಿವಾರ ನಮ್ಮ ಭಜನಾ ಮಂಡಳಿಯ ಖೋಲಿಯಲ್ಲಿ ಒಂದು ಕ್ಲಾಸು ನಡೆಸುತ್ತಾರೆ. ಬರುವ ಮಾರ್ಚಿಗೆ ಮ್ಯಾಟ್ರಿಕ್ ಪರೀಕ್ಷೆಗೆ ಕೂಡುವ ಹನ್ನೊಂದು ಮಕ್ಕಳು, ಎಲ್ಲರೂ ಹಗಲು ದುಡಿಯುವವರು. ಪಾಸಾಗಿ ಕಾಲೇಜಿಗೆ ಹೋದರೆ ಅಲ್ಲಿ ಎಲ್ಲ ಇಂಗ್ಲಿಷು. ಎರಡು ತಿಂಗಳಲ್ಲಿ ಹೆದರಿ ಬಿಟ್ಟು ಬರುತ್ತಾರಂತೆ. ಹಾಗೆ ಬಿಡಬಾರದೆಂದು ಈಗಲೇ ತಯಾರಿ. ಅದಕ್ಕೆ ಚೆಂಬೂರಿನಿಂದ ಒಬ್ಬ ಇಂಗ್ಲಿಷ್ ಮಾಸ್ತರರು ಬರುತ್ತಾರೆ. ಅವರಿಗೆ ಪಗಾರ ಕೊಡಲು ಏನೂ ಇಲ್ಲ. ದಸರೆಯವರೆಗೆ ನೋಡುತ್ತೇನೆ, ಆಮೇಲೆ ಇಲ್ಲ ಎಂದಿದ್ದಾರೆ.

ಫೋರ್ಟಿನಲ್ಲಿ ಒಂದು ಟ್ರಸ್ಟ್ ಇದೆಯಂತೆ. ಇಂಥ ಕ್ಲಾಸುಗಳಿಗೆ ಅನುದಾನ ಕೊಡುತ್ತದೆ. ಆದರೆ ರಿಜಿಸ್ಟರ್ ಆದ ಸಂಸ್ಥೆಗೆ ಮಾತ್ರ. ಇಡೀ ಚಾಳಿನಲ್ಲಿ ರಿಜಿಸ್ಟರ್ ಆದದ್ದು ನಮ್ಮ ಮಂಡಳಿ ಒಂದೇ. ಅದೂ ಪೊಲೀಸರು ಲೌಡ್‌ಸ್ಪೀಕರ್ ಎತ್ತಿಕೊಂಡು ಹೋದ ಮೇಲೆ ಮಾಡಿಸಿದ್ದು. ನಾನು ಅಧ್ಯಕ್ಷೆ. ಹೀಗಾಗಿ ಸಹಿ ನನ್ನದು ಬೇಕು.

"ಮಾಸ್ತರ್ರ, ಇದು ಬೇಡೂದಾತಲ್ರಿ?" ಎಂದೆ.

"ಬೇಡೂದಲ್ರಿ ಅಕ್ಕಾರ, ಅರ್ಜಿ."

"ಬೇಡೂದನ್ನ ಕಾಗದದ ಮ್ಯಾಲ ಬರದ್ರ ಅರ್ಜಿ."

ಅವರು ನಕ್ಕರು. 'ಸಂಸ್ಥೆಗಿರುವ ಅಡಚಣೆಗಳು' ಎಂದು ಒಂದು ಜಾಗವಿತ್ತು. ಅದನ್ನು ಖಾಲಿ ಬಿಡಿರಿ ಎಂದೆ. ಮನೆಯ ಕೊರತೆಯನ್ನು ಹೊರಗೆ ಹೇಳಿದರೆ ಲಕ್ಷ್ಮಿ ಹೊಸ್ತಿಲು ದಾಟುತ್ತಾಳೆಂದು ನಮ್ಮವ್ವ ಹೇಳುತ್ತಿದ್ದಳು. ಮಾಸ್ತರರು ಖಾಲಿ ಬಿಡಲಿಲ್ಲ. ಇಂಗ್ಲಿಷ್‌ನಲ್ಲಿ ಏನೋ ಬರೆದರು. ಇಂಗ್ಲಿಷ್ ಲಕ್ಷ್ಮಿಗೂ ತಿಳಿಯಲಿಕ್ಕಿಲ್ಲ ಎಂದು ಸಹಿ ಮಾಡಿದೆ.

ರವಿವಾರ, 9 ಆಗಸ್ಟ್

ಪಂಚಮಿಯ ಉಂಡಿ ಇನ್ನೂ ಡಬ್ಬಿಯಲ್ಲಿವೆ. ಇವತ್ತು ಕ್ಲಾಸಿಗೆ ಹೋಗಿ ಹಿಂದೆ ಗೋಡೆಗೆ ಒರಗಿ ಕುಳಿತೆ. ಕಲಿಯುವುದಕ್ಕಲ್ಲ, ತಾಳ ಕಾಯುವುದಕ್ಕೆ. ಹೋದ ವಾರ ಯಾರೋ ಮಂಡಳಿಯ ತಾಳದಿಂದ ಅಡಿಕೆ ಒಡೆದಿದ್ದರು.

ಇಂಗ್ಲಿಷ್ ಮಾಸ್ತರರು ಹತ್ತು ನಿಮಿಷ ಬಿಡದೆ ಇಂಗ್ಲಿಷ್‌ನಲ್ಲಿ ಮಾತನಾಡಿ, "ಕಾಲೇಜಿನಲ್ಲಿ ಹೀಗೇ ಇರುತ್ತದೆ. ತಿಳಿದಷ್ಟು ಬರೆಯಿರಿ" ಎಂದರು. ನೆರೆಮನೆಯ ದಾನವ್ವನ ಮಗ ಮರೆಪ್ಪ ಬರೆದದ್ದು ಒಂದೇ ಸಾಲು: "ಸರ್ ಎರಡು ಸಲ ಕೆಮ್ಮಿದರು." ತಪ್ಪೇನೂ ಅಲ್ಲ, ನಾನೂ ಎಣಿಸಿದ್ದೆ. ಸುಂದ್ರವ್ವ ಮಾತ್ರ ಐದು ಸಾಲು ಬರೆದಳು. ಹದಿನೇಳರ ಹುಡುಗಿ, ಹಗಲು ಚೆಂಬೂರಿನಲ್ಲಿ ಔಷಧದ ಗುಳಿಗೆ ಡಬ್ಬಿಗೆ ತುಂಬುವ ಕೆಲಸ. ಬೆರಳಿನ ತುದಿ ಯಾವಾಗಲೂ ಬೆಳ್ಳಗೆ.

ಆಮೇಲೆ ಅದೇ ಇಂಗ್ಲಿಷ್ ಮಾಸ್ತರರು, ತಿಳಿಯದಿದ್ದರೆ ಎದ್ದು ನಿಂತು 'ನನಗೆ ತಿಳಿಯಲಿಲ್ಲ' ಎನ್ನಬೇಕು, ಅದನ್ನು ರೂಢಿ ಮಾಡಿ ಎಂದರು. ಒಬ್ಬರೂ ಏಳಲಿಲ್ಲ. ಮರೆಪ್ಪ ಕುಳಿತಲ್ಲಿಂದಲೇ, "ತಿಳೀಲಿಲ್ಲ ಅಂದ್ರ ಬಡಿಯೂದಿಲ್ಲೇನ್ರಿ ಸರ್?" ಎಂದು ಕೇಳಿದ. ನನಗೂ ಇದು ಸರಿ ಕಾಣಲಿಲ್ಲ. ತಿಳಿಯದಿದ್ದರೆ ಸುಮ್ಮನೆ ಕೂಡಬೇಕು. ಅದನ್ನು ಎದ್ದು ನಿಂತು ಸಾರುವುದು ಯಾವ ವಿದ್ಯೆ?

ಹೊರಗೆ ಸುಂದ್ರವ್ವನ ಅಪ್ಪ ಬಂಡೆಪ್ಪ ಬೀಡಿ ಸೇದುತ್ತ ನಿಂತಿದ್ದ. ಚೆಂಬೂರಿನ ಕಟ್ಟಡದ ಕೆಲಸದವನು. "ಕ್ಲಾಸ್ ನಡಿಯೂತನಕ ನಡೀಲಿ ಅಕ್ಕಾರ. ಅದು ನಿಂತ ದಿನ ಅಕಿನ್ನ ನಮ್ಮ ಅಕ್ಕನ ಮಗಗ ಕೊಟ್ಟಬಿಡೂದು. ಭಾವ ಶೆಟ್ಟೆಪ್ಪ ಕೇಳಾಕತ್ತು ಎರಡು ವರ್ಷಾತು" ಎಂದ. ಯೋಗ್ಯ ಮಾತು ಎಂದೆ. ಒಳಗಿನಿಂದ ಸುಂದ್ರವ್ವ ಕೇಳಿಸಿಕೊಂಡಳು ಎಂದು ಕಾಣುತ್ತದೆ. ನನ್ನ ಕಡೆ ನೋಡದೆ ಹೋದಳು.

ಗುರುವಾರ, 13 ಆಗಸ್ಟ್

ಟ್ರಸ್ಟಿನಿಂದ ಕಾಗದ. ರವಿವಾರ ನೀಲಾಬಾಯಿ ಎಂಬ ಮರಾಠಿ ಬಾಯಿ ಕ್ಲಾಸು ನೋಡಲು ಬರುತ್ತಾರೆ. ಕಾಗದ ಓದಿ ಹೇಳಿ ನೀಲಕಂಠಪ್ಪ ಮಾಸ್ತರರು ಊರಿಗೆ ಹೊರಟರು, ರವಿವಾರ ಮುಂಜಾನೆಯ ಗಾಡಿಗೆ ಬರುತ್ತಾರೆ. ಇಂಗ್ಲಿಷ್ ಮಾಸ್ತರರಿಗೂ ಈ ರವಿವಾರ ಬಿಡುವಿಲ್ಲ. ಹೋಗುವಾಗ ನನಗೆ, "ಅಕ್ಕಾರ, ಏನೂ ಗಡಿಬಿಡಿ ಮಾಡಬ್ಯಾಡ್ರಿ. ಇದ್ದದ್ದು ಇದ್ದಾಂಗ ತೋರಸ್ರಿ" ಎಂದರು.

ಗಂಡಸರು ಏನಾದರೂ ಹೇಳುತ್ತಾರೆ. ಅತಿಥಿ ಬಂದಾಗ ಇದ್ದದ್ದು ಇದ್ದಹಾಗೆ ತೋರಿಸುವುದು ಯಾವ ಮನೆಯಲ್ಲಿದೆ?

ಶನಿವಾರ, 15 ಆಗಸ್ಟ್

ಎಲ್ಲರಿಗೂ ಸೂಟಿ, ಒಳ್ಳೆಯದಾಯಿತು. ದಾನವ್ವ ತನ್ನ ಮೇಜಿನ ಫ್ಯಾನ್ ತಂದಿಟ್ಟಳು. ಅವಳ ಅಳಿಯ ಸಾಂತಾಕ್ರೂಜಿನ ಹೋಟೆಲಿನಲ್ಲಿದ್ದಾನೆ. ಅವನು ಎಂಟು ಖುರ್ಚಿ, ಬಿಳಿ ಮೇಜುವಸ್ತ್ರ, ಬಂಗಾರದ ಗೆರೆಯ ಕಪ್ಪುಬಸಿ ತಂದ. ಮೂರನೆಯ ಮಾಳಿಗೆಯಿಂದ ಗಾಜಿನ ಕಪಾಟು ಇಳಿಸಿದರು. ಇಡಲು ಪುಸ್ತಕ ಇರಲಿಲ್ಲ. ಹಳೆಯ ಪಂಚಾಂಗಗಳಿಗೆ ಕೆಂಪು ಕಾಗದ ಸುತ್ತಿ ಸಾಲಾಗಿ ನಿಲ್ಲಿಸಿದೆವು. ದೂರದಿಂದ ಬಹಳ ಓದಿದವರ ಮನೆಯಂತೆ ಕಾಣುತ್ತದೆ.

ಸುಂದ್ರವ್ವ, "ದೊಡ್ಡವ್ವ, ಇವೆಲ್ಲಾ ಯಾಕ? ನಮ್ಮ ಹಂತ್ಯಾಕ ಏನೂ ಇಲ್ಲಂತಲ್ಲೇನು ಅವರು ಬರೂದು?" ಎಂದಳು.

"ಇಲ್ಲ ಅನ್ನೂ ಶಬ್ದ ಹಬ್ಬದ ಎದುರಿಗೆ ಆಡಬ್ಯಾಡ" ಎಂದು ಬೈದೆ.

ರವಿವಾರ, 16 ಆಗಸ್ಟ್

ದಣಿದಿದ್ದೇನೆ, ಆದರೂ ಬರೆಯಬೇಕು. ಇಂಥ ಸತ್ಕಾರ ಈ ಚಾಳಿನಲ್ಲಿ ಯಾವ ಬೀಗರಿಗೂ ಆಗಿಲ್ಲ.

ನೀಲಾಬಾಯಿ ಹತ್ತಕ್ಕೆ ಬಂದರು. ನೂಲಿನ ಸೀರೆ, ದಪ್ಪ ಕನ್ನಡಕ, ಕೈಯಲ್ಲಿ ಒಂದೇ ಬಳೆ. ಪಾಪ, ಅವರಿಗೇ ಯಾರಾದರೂ ಏನಾದರೂ ಕೊಡಬೇಕು ಎನಿಸಿತು. ಮಕ್ಕಳು ಲಗ್ನದ ಬಟ್ಟೆಯಲ್ಲಿ ಕುಳಿತಿದ್ದರು. ಸುಂದ್ರವ್ವನಿಗೆ ದಾನವ್ವನ ಇಳಕಲ್ ರೇಷ್ಮೆ, ಕೊರಳಿಗೆ ನನ್ನ ಬೋರಮಾಳ. ಬಂಡೆಪ್ಪ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

ಬಾಯಿ ಬರೆದುಕೊಳ್ಳಲು ವಹಿ ತೆರೆದು ಮರಾಠಿಯಲ್ಲಿ ಕೇಳಿದರು: ಈ ಮಕ್ಕಳಲ್ಲಿ ಬಡವರು ಯಾರು?

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ತುಂಬಿದ ಸಭೆಯಲ್ಲಿ ಎಂಥ ಪ್ರಶ್ನೆ! ಬಂಡೆಪ್ಪ ಕೋಟಿನ ಗುಂಡಿ ಹಾಕಿಕೊಂಡು, "ನಮ್ಮಲ್ಲಿ ಹಂಗ ಯಾರೂ ಇಲ್ರಿ ಬಾಯಿ" ಎಂದ.

ಓದಲು ಮನೆಯಲ್ಲಿ ಜಾಗ ಇದೆಯೇ ಎಂದು ಮರೆಪ್ಪನನ್ನು ಕೇಳಿದರು. ಅವನು ಬಾಯಿ ತೆರೆಯುವುದರೊಳಗೆ ದಾನವ್ವ, "ಭರಪೂರ್ ಜಾಗಾ ಹೈ!" ಎಂದಳು. ಒಂದೇ ಖೋಲಿಯಲ್ಲಿ ಎಂಟು ಮಂದಿ ಇದ್ದಾರೆ.

ಕಡೆಗೆ ನನ್ನ ಕಡೆ ತಿರುಗಿದರು. ಸಂಸ್ಥೆಗೆ ಅಡಚಣೆ ಏನು? ನಾನು ಸೆರಗು ಸರಿಪಡಿಸಿಕೊಂಡು, "ಕಾಹೀ ನಾಹೀ ಬಾಯಿ, ದೇವರು ಎಲ್ಲಾ ಕೊಟ್ಟಾನ. ನೀವು ಮೊದಲ ಊಟಕ್ಕ ಏಳ್ರಿ" ಎಂದೆ.

ಹೋಳಿಗೆ, ಶಾವಿಗೆ ಪಾಯಸ, ಬದನೆಕಾಯಿ ಎಣ್ಣೆಗಾಯಿ, ಮೂರು ಥರದ ಚಟ್ನಿ. ಬಾಯಿ ಸಾಕು ಎಂದಾಗಲೆಲ್ಲ ದಾನವ್ವ ತುಪ್ಪ ಸುರಿದಳು. ಏಳಲು ಆಗದೆ ಮೇಜು ಹಿಡಿದು ಎದ್ದರು. ಜಂಪರ್ ಕಣ, ಕಾಯಿ, ಅಕ್ಕಿ ಹಾಕಿ ಉಡಿ ತುಂಬಿದೆ. ಪಂಚಮಿಯ ಉಂಡಿ ಒಂದು ಡಬ್ಬಿ ಕೊಟ್ಟೆ. ಟ್ಯಾಕ್ಸಿ ಹತ್ತುವಾಗ ಅವರ ಕಣ್ಣಲ್ಲಿ ನೀರಿತ್ತು. ಖಾರಕ್ಕೋ ಪ್ರೀತಿಗೋ ತಿಳಿಯಲಿಲ್ಲ.

ಟ್ಯಾಕ್ಸಿ ಹೋಯಿತು, ಮಾಸ್ತರರು ಹಾಸಿಗೆ ಸುರುಳಿ ಹೊತ್ತು ಬಂದರು. ಗಾಡಿ ತಡವಾಗಿತ್ತಂತೆ. ಖೋಲಿಯೊಳಗೆ ಇಣುಕಿ ಫ್ಯಾನ್ ನೋಡಿದರು, ಖುರ್ಚಿ ನೋಡಿದರು, ಕಪಾಟು ನೋಡಿದರು. ಹಾಸಿಗೆ ಸುರುಳಿ ಇಳಿಸಿ ಅದರ ಮೇಲೇ ಕುಳಿತುಬಿಟ್ಟರು. ಪ್ರಯಾಣದ ಆಯಾಸ.

ಮಂಗಳವಾರ, 25 ಆಗಸ್ಟ್

ಉತ್ತರ ಬಂತು. ಮಾಸ್ತರರು ಓದಿ ಅರ್ಥ ಹೇಳಿದರು. 'ನಿಮ್ಮ ಆದರಾತಿಥ್ಯಕ್ಕೆ ಋಣಿ. ನಿಮ್ಮ ಸಂಸ್ಥೆಯಲ್ಲಿ ಪೀಠೋಪಕರಣ, ಗ್ರಂಥಾಲಯ ಎಲ್ಲವೂ ಇವೆ. ಅಧ್ಯಕ್ಷರೇ ಯಾವ ಅಡಚಣೆಯೂ ಇಲ್ಲ ಎಂದಿದ್ದಾರೆ. ಆದ್ದರಿಂದ ಅನುದಾನವನ್ನು ಹೆಚ್ಚು ಅಗತ್ಯವಿರುವವರಿಗೆ ಕೊಡಲಾಗುವುದು.'

ನಮ್ಮ ಮನೆಯವರು ನಗುತ್ತ ಮಂಚದಿಂದ ಜಾರಿದರು. "ಗ್ರಂಥಾಲಯ! ಏ, ಹೋದ ವರ್ಷದ ಪಂಚಾಂಗ ಒಂದ ಕೊಡು, ಓದ್ತೇನಿ."

ಮಾಸ್ತರರು ನಗಲಿಲ್ಲ. ದಸರೆಗೆ ಕ್ಲಾಸು ಮುಗಿಯಿತು ಎಂದರು. ಬಂಡೆಪ್ಪ ಕೇಳಿ, ಹಾಗಾದರೆ ದೀಪಾವಳಿ ಮುಗಿದ ಮೇಲೆ ಲಗ್ನ, ಭಾವನಿಗೆ ಕಾಗದ ಹಾಕಿಸುತ್ತೇನೆ ಎಂದ.

ಗುರುವಾರ, 27 ಆಗಸ್ಟ್

ನಳದ ಹತ್ತಿರ ಸುಂದ್ರವ್ವ ನನ್ನ ಕೊಡ ತುಂಬಿಸಿಕೊಟ್ಟಳು. ತಲೆಯ ಮೇಲೆ ಎತ್ತಿಟ್ಟು ತನ್ನ ಕೊಡಕ್ಕೆ ತಿರುಗಿದಳು. ಬೈದಿದ್ದರೆ ಚೆನ್ನಾಗಿತ್ತು.

ರವಿವಾರ, 30 ಆಗಸ್ಟ್

ಕ್ಲಾಸಿಗೆ ಹೋದೆ. ತಾಳವನ್ನು ಮನೆಗೆ ತಂದಿಟ್ಟುಕೊಂಡಿದ್ದೇನೆ, ಆದರೂ ಹೋದೆ. ನೀಲಕಂಠಪ್ಪ ಮಾಸ್ತರರು ಹೇಳಿದರು: ಒಂಬತ್ತನೆಯ ತಾರೀಖು ಟ್ರಸ್ಟಿನ ಸಭೆಯಿದೆ. ಅಧ್ಯಕ್ಷರು ನಿಜಸ್ಥಿತಿ ಬರೆದು ಕೊಟ್ಟರೆ ಮತ್ತೆ ನೋಡಬಹುದು. ಅವರೇ ಇಂಗ್ಲಿಷ್‌ನಲ್ಲಿ ಒಂದು ಕಾಗದ ಬರೆದಿದ್ದರು. ಓದಿಸಿ ಕೇಳಿದೆ. 'ನಮ್ಮ ಅಧ್ಯಕ್ಷರ ಗ್ರಾಮೀಣ ಸ್ವಭಾವದಿಂದ' ಎಂದಿತ್ತು.

"ತಪ್ಪು ನಂದು. ಕಾಗದಾನೂ ನಾನ ಬರೀತೇನಿ, ಕನ್ನಡದಾಗ" ಎಂದೆ.

ಬುಧವಾರ, 2 ಸೆಪ್ಟೆಂಬರ್

ಮೂರು ದಿನದಿಂದ ಮನೆ ಮನೆ ತಿರುಗಿ 'ನಿಮ್ಮ ಅಡಚಣೆ ಹೇಳಿ' ಎಂದು ಕೇಳುತ್ತಿದ್ದೇನೆ. ಎಲ್ಲರೂ ಚಹಾ ಕೊಡುತ್ತಾರೆ, ಅಡಚಣೆ ಕೊಡುವುದಿಲ್ಲ. "ನಮ್ಗೇನ ಕೊರತಿ ಐತಿ ರಾಚವ್ವಕ್ಕ?" ಎಂದು ದಾನವ್ವನೂ ಅಂದಳು.

ಅಷ್ಟು ಅಂದವಳು ಬಾಗಿಲವರೆಗೆ ಬಂದು ದನಿ ತಗ್ಗಿಸಿದಳು. "ಅಡಚಣಿ ಬೇಕಂದ್ರ ಬಂಡೆಪ್ಪನ್ನ ಕೇಳು. ಅಂವಗ ಅಕ್ಷರ ಬರಂಗಿಲ್ಲ. ಇಲ್ಲಿ ಸ್ಟೇಶನ್ನಿನಾಗ ಒಂದು ಲೋಕಲ್ ಬಾಂದ್ರಾಕ್ಕ ಹೊಕ್ಕೈತಿ, ಒಂದು ಚೆಂಬೂರಕ್ಕ. ಬೋರ್ಡ್ ಓದಾಕ ಬರದ ಎರಡು ಸಲ ಬಾಂದ್ರಾಕ್ಕ ಹೋಗಿ ಇಳದಾನ. ಅದಕ್ಕ ದಿನಾ ಮುಂಜಾನೆ ಸುಂದ್ರಿ ಕೈ ಹಿಡದು ಗಾಡಿ ಹತ್ತಸ್ತಾಳ."

ಬಂಡೆಪ್ಪನ ಹತ್ತಿರ ಹೋದೆ. ತನ್ನದು ಏನೂ ಇಲ್ಲ ಎಂದ. ದಾನವ್ವನದು ಹೇಳಿದ: "ಮರೆಪ್ಪ ಸಂಡಾಸದ ದೀಪದ ಕೆಳಗ ನಿಂತು ಓದ್ತಾನ್ರಿ. ಮುಂಜಾನೆ ಡಬ್ಬಿ ಹಿಡಕೊಂಡು ಹೋದ್ರ 'ಓದೂದು ಒಂದ ಪಾನ ಉಳದೈತಿ, ತಡೀರಿ' ಅಂತಾನ. ನಾವು ತಡಕೊಂಡು ನಿಲ್ಲಬೇಕು!"

ಆಗ ನನಗೆ ಗುಟ್ಟು ತಿಳಿಯಿತು. ಯಾರನ್ನೂ ಅವರದು ಕೇಳಬಾರದು, ನೆರೆಯವರದು ಕೇಳಬೇಕು. ಸಂಜೆಯೊಳಗೆ ಎರಡು ಹಾಳೆ ತುಂಬಿದವು. ಒಂದೇ ಪ್ಯಾಂಟಿನಲ್ಲಿ ಶಾಲೆಗೆ ಪಾಳಿ ಹಾಕಿಕೊಂಡ ಅಣ್ಣತಮ್ಮಂದಿರು, ಚಿಮಣಿ ಎಣ್ಣೆ ಉಳಿಸಲು ಬಾಯಿಪಾಠ ಮಾಡಿಕೊಂಡು ಮಲಗುವ ಹುಡುಗಿ. ಇಷ್ಟು ವರ್ಷ ಇದೇ ಚಾಳಿನಲ್ಲಿದ್ದೇನೆ. ಈ ಹುಡುಗಿ ನನ್ನ ತಲೆಯ ಮೇಲಿನ ಖೋಲಿಯವಳು.

ಶುಕ್ರವಾರ, 4 ಸೆಪ್ಟೆಂಬರ್

ಚೌತಿ. ಕಡುಬು ಮಾಡಿದೆ, ಒಂದು ಬದಿ ಸೀದವು. ಮನಸ್ಸು ಕಾಗದದ ಮೇಲಿತ್ತು.

ಸಂಜೆ ಸುಂದ್ರವ್ವ ಬಂದು ನಾನು ಹೇಳಿದಂತೆ ಕಾಗದವನ್ನು ಚೊಕ್ಕ ಮಾಡಿ ಬರೆದಳು. ಅವಳ ಅಪ್ಪನ ಸಾಲು ಬಂದಾಗ ಬಂಡೆಪ್ಪನನ್ನು ಕರೆದು ಓದಿಸಿ ಕೇಳಿಸಿದೆ. ಕೇಳದೆ ಹಾಕುವುದು ಪಾಪ.

"ಅಕ್ಕಾರ, ಇದನ್ನ ಫೋರ್ಟಿನ ಮಂದಿ ಓದಿದ್ರ ನನ್ನ ಮಾನ ಹೊಕ್ಕೈತ್ರಿ!"

"ನನ್ನ ಮಾನ ಮೊದಲ ಹಾಳ್ಯಾಗ ಹೋಗೇತಿ. ನಿಂದು ಎರಡನೇ ಹಾಳ್ಯಾಗ ಐತಿ, ಹಿಂದಿಂದ ಬರಲಿ. ಅಲ್ಲೋ, ಈ ಹುಡುಗೀನ್ನ ಊರಿಗಿ ಕೊಟ್ಟ ಮ್ಯಾಲ ನಿನ್ನ ಗಾಡಿ ಹತ್ತಸಾವರು ಯಾರು? ಭಾವ ಶೆಟ್ಟೆಪ್ಪ ಬರ್ತಾನೇನು ದಿನಾ?"

ಅವನು ಕಿವಿಯ ಮೇಲಿನ ಬೀಡಿ ಕೈಗೆ ತೆಗೆದುಕೊಂಡ. "ಬರ್ಕೋರಿ" ಎಂದು ಎದ್ದು ಹೋದ.

ಸುಂದ್ರವ್ವ ಲೇಖನಿ ಹಿಡಿದೇ ಇದ್ದಳು. "ದೊಡ್ಡವ್ವ, ನಿಮ್ಮದು?"

"ನಂದೇನೈತಿ? ಎಲ್ಲಾ ಐತಿ."

ಅವಳು ಖಾಲಿ ಸಾಲಿನ ಮೇಲೆ ಲೇಖನಿಯ ಮೊನೆ ಇಟ್ಟಳು. ಯಾಕೋ ಹೇಳಿದೆ. ನಮ್ಮೂರ ಶಾಲೆ ನಾಲ್ಕನೆಯವರೆಗೆ ಮಾತ್ರ. ನಾನು ಮೊದಲನೆಯ ನಂಬರು. ಶಾಲೆಯ ಮಾಸ್ತರರು ಮನೆಗೆ ಬಂದು, ಇವಳನ್ನು ಮುಂದಿನೂರಿಗೆ ಕಳಿಸಿ ಎಂದರು. ಅಪ್ಪ ನನ್ನನ್ನೇ ಕೇಳಿದ: "ಏನವ್ವಾ, ಕಲೀಬೇಕೇನು?" ಮಂದಿಯ ಮುಂದೆ ಬೇಕು ಎನ್ನುವುದು ಹೇಗೆ? "ಏನೂ ಬ್ಯಾಡ" ಎಂದೆ. ಅಪ್ಪ ನಿಜವೆಂದು ತಿಳಿದ.

ಸುಂದ್ರವ್ವ ಅದನ್ನೂ ಬರೆದುಬಿಟ್ಟಿದ್ದಳು. ಹೊಡೆದು ಹಾಕು ಎಂದೆ. "ಮಸಿ ಆರೇತಿ" ಎಂದಳು. ಆರಿದ ಮಸಿಯನ್ನು ಹೊಡೆಯಲು ಬರುವುದಿಲ್ಲವೇ? ಬರುತ್ತದೆ. ಬಿಟ್ಟೆ. ಕೊನೆಗೆ ಕ್ಲಾಸಿಗೆ ಬರುವವರ ಸಂಖ್ಯೆ ಕೇಳಿದಳು. ಹನ್ನೆರಡು ಎಂದೆ. ಮಕ್ಕಳು ಹನ್ನೊಂದೇ, ಎಣಿಕೆ ಎಲ್ಲಿ ತಪ್ಪಿತೋ ಈಗಲೂ ಗೊತ್ತಾಗುತ್ತಿಲ್ಲ.

ಸೋಮವಾರ, 7 ಸೆಪ್ಟೆಂಬರ್

ಸುಂದ್ರವ್ವ ಕೆಲಸಕ್ಕೆ ರಜೆ ಹಾಕಿದಳು. ಇಬ್ಬರೂ ಲೋಕಲ್ ಹಿಡಿದು ಫೋರ್ಟಿಗೆ ಹೋದೆವು. ಟ್ರಸ್ಟಿನ ಗುಮಾಸ್ತ ಕಾಗದ ತಿರುಗಿಸಿ ಮುರುಗಿಸಿ, ಇದು ಯಾವ ಭಾಷೆ, ಇಂಗ್ಲಿಷ್‌ನಲ್ಲಿ ತನ್ನಿ ಎಂದ. ಹೊರಗಿನ ಕಟ್ಟಿಗೆಯ ಬಾಕಿನ ಮೇಲೆ ಕುಳಿತುಬಿಟ್ಟೆ. ನೀಲಾಬಾಯಿ ಹೊರಗೆ ಬರುವವರೆಗೆ ಏಳುವುದಿಲ್ಲ ಎಂದೆ. ಒಂದೂವರೆ ತಾಸಿಗೆ ಬಂದರು. ನನ್ನನ್ನು ನೋಡಿ ಮೊದಲು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು, ಆಮೇಲೆ ನಮಸ್ಕಾರ ಮಾಡಿದರು.

ಸುಂದ್ರವ್ವ ಎದ್ದು ನಿಂತು ಕಾಗದ ನೋಡುತ್ತ ಒಂದೊಂದೇ ಸಾಲನ್ನು ಇಂಗ್ಲಿಷ್‌ನಲ್ಲಿ ಹೇಳಿದಳು. ನಡುವೆ ಒಂದು ಕಡೆ ಓದು ನಿಂತಿತು. ಸಾಲಿನ ಮೇಲೆ ಬೆರಳಿಟ್ಟು, ಈ ಶಬ್ದಕ್ಕೆ ಇಂಗ್ಲಿಷ್ ನನಗೆ ಗೊತ್ತಿಲ್ಲ ಎಂದು ಇಂಗ್ಲಿಷ್‌ನಲ್ಲೇ ಹೇಳಿದಳು. ಸಂಡಾಸದ ಸಾಲು ಅದು. ಬಾಯಿಯೇ ಶಬ್ದ ಕೊಟ್ಟರು. ಮುಂದೆ ಓದಿದಳು.

ಬಾಯಿ ಕನ್ನಡಕ ಒರೆಸಿಕೊಂಡು, ಆ ಫ್ಯಾನ್ ಎಲ್ಲಿ ಎಂದು ಕೇಳಿದರು. ದಾನವ್ವನ ಮನೆಯಲ್ಲಿ ಎಂದೆ. ಖುರ್ಚಿ? ಸಾಂತಾಕ್ರೂಜಿನಲ್ಲಿ. ಪುಸ್ತಕ? ಅದಕ್ಕೆ ಮಾತ್ರ ತಲೆ ತಗ್ಗಿಸಿದೆ. ಸುಂದ್ರವ್ವ ಹೇಳಿಯೇ ಬಿಟ್ಟಳು. ಬಾಯಿ ನಕ್ಕ ರೀತಿಗೆ ಗುಮಾಸ್ತ ಒಳಗಿನಿಂದ ಓಡಿ ಬಂದ.

ಆದರೆ ಮಾತು ಕೊಡಲಿಲ್ಲ. ಬುಧವಾರ ಐದು ಜನ ಟ್ರಸ್ಟಿಗಳು ಕೂಡುತ್ತಾರೆ, ಇದನ್ನು ಹೀಗೇ ಅವರ ಮುಂದೆ ಇಡುತ್ತೇನೆ ಎಂದರು. ಚಹಾ, ಬಿಸ್ಕಿಟು ತರಿಸಿದರು. ಹಸಿವಾಗಿತ್ತು, ತೆಗೆದುಕೊಂಡು ತಿಂದೆ. ಇನ್ನೊಂದು ಎಂದರು, ಅದನ್ನೂ ತಿಂದೆ.

ಈಗ ಬರೆಯಲು ಕುಳಿತಾಗ ನೆನಪಾಯಿತು, ಇವತ್ತು ಸೋಮವಾರ, ಶ್ರಾವಣ ಮುಗಿದರೂ ನಾನು ಬಿಡದ ಉಪವಾಸ. ಶಿವನೇ.

ಗುರುವಾರ, 10 ಸೆಪ್ಟೆಂಬರ್

ಮಾಸ್ತರರ ಆಫೀಸಿಗೆ ಮಧ್ಯಾಹ್ನ ಟ್ರಸ್ಟಿನಿಂದ ಫೋನು ಬಂತಂತೆ. ಉತ್ತರ ತಯಾರಿದೆ, ಟಪಾಲಿಗೆ ಹಾಕಲೋ ಬಂದು ಒಯ್ಯುತ್ತೀರೋ ಎಂದು ಕೇಳಿದರಂತೆ. ಏನು ಉತ್ತರ ಎಂದರೆ ಗುಮಾಸ್ತ ಹೇಳಲಿಲ್ಲ. ನಾಳೆ ಮಾಸ್ತರರಿಗೆ ರಜೆ ಇಲ್ಲ. ನನಗೆ ಸೋಮವಾರ ಫೋರ್ಟಿನಲ್ಲಿ ಹತ್ತಿದ ಮೆಟ್ಟಿಲಿನಿಂದ ಮೊಣಕಾಲು ಬಾತಿದೆ.

ಬಂಡೆಪ್ಪ ಸಂಜೆಯಿಂದ ಮೂರು ಸಲ ಬಂದ. ಮೊದಲ ಸಲ ಬೆಂಕಿಪೆಟ್ಟಿಗೆ ಕೇಳಿದ. ಎರಡನೆಯ ಸಲ ಗಂಟೆ ಎಷ್ಟು ಎಂದ. ಮೂರನೆಯ ಸಲ ಬಾಗಿಲಲ್ಲೇ ಕುಳಿತ.

"ಅಕ್ಕಾರ, ಉತ್ತರಾ ಏನ ಬಂತ್ರಿ?"

"ನಿನಗ್ಯಾಕೋ? ಭಾವಗ ಕಾಗದ ಹಾಕ್ತೇನಿ ಅಂದಿದ್ದೆಲ್ಲ?"

"ಹಾಕೇನ್ರಿ, ಮೊನ್ನೆ. ಈ ವರ್ಷ ಲಗ್ನ ಬ್ಯಾಡ, ಹುಡುಗಿ ಕಾಲೇಜಿಗಿ ಹೋಗಾಕಿ ಅದಾಳ ಅಂತ."

"ಯಾರ ಬರಕೊಟ್ರು?"

"ಮತ್ಯಾರು, ಸುಂದ್ರಿನ. ನಾ ಎರಡು ಮಾತು ಹೇಳಿದ್ನಿ, ಅಕಿ ಕಾರ್ಡಿನ ಎರಡೂ ಕಡೆ ತುಂಬಸ್ಯಾಳ. ಏನೇನು ಬರದಾಳೋ, ಓದಾಕ ನನಗೆಲ್ಲಿ ಬರ್ತೈತಿ? ಈಗ ಕ್ಲಾಸ್ ನಿಂತ್ರ ಭಾವನ ಮುಂದ ನಾ ಸುಳ್ಳ ಆಕ್ಕೇನ್ರಿ."

ನಮ್ಮ ಮನೆಯವರು ಮಂಚದ ಮೇಲಿಂದ, "ನಿನ್ನ ಮಾನ ಈಗ ಮೂರನೇ ಹಾಳ್ಯಾಗ ಐತಿ ನೋಡು" ಎಂದರು. ನನಗೆ ನಗು ಬರಲಿಲ್ಲ. ಕೈಯಲ್ಲಿದ್ದ ಹಿಟ್ಟು ತೊಳೆದುಕೊಂಡು ಹೇಳಿದೆ:

"ನಾಳೆ ಕೆಲಸಕ್ಕ ಖಾಡೆ ಮಾಡು, ಬಂಡೆಪ್ಪ. ಸುಂದ್ರೀನ್ನ ಕರಕೊಂಡು ಫೋರ್ಟಿಗಿ ಹೋಗಿ ನನ್ನ ಕಾಗದದ ಉತ್ತರಾ ತಗೊಂಡ ಬಾ. ಇಲ್ಲ ಅಂತ ಬರದಿದ್ರ ಎದ್ದ ಬರಬ್ಯಾಡ. ಬಾಕಿನ ಮ್ಯಾಲ ಅಲ್ಲೇ ಕುಂಡ್ರು, ಮಂಡಳಿ ಕಟಗೊಂಡು ನಾ ಬರ್ತೇನಿ."